ಮೊಣಕೈ ಅಳತೆಯ ತೆಪ್ಪ

ಮಾರ್ಚ್ 4, ಸೋಮವಾರ, ಬೆಳಗ್ಗೆ 10

ಮೀನು ಮಾರಿ ಬಂದು ಕೂತೆ. ಮೂರೂವರೆ ಕೆಜಿ, ಎಲ್ಲ ಜಿಲೇಬಿ ಮೀನು. ಸೋಪು, ಬೂದಿ, ನಿಂಬೆಸಿಪ್ಪೆ ಎಲ್ಲ ಹಾಕಿ ಉಜ್ಜಿದರೂ ಕೈಯಿಂದ ಟಾರಿನ ನಾತ ಹೋಗಲ್ಲ. ಅದೇ ಕೈಯಲ್ಲಿ ಉಣ್ಣಬೇಕು. ಥೂ.

ಬುಟ್ಟಿಯಂಥ ಬಿದಿರ ತೆಪ್ಪದ ತಳ ಮತ್ತೆ ಬಿಟ್ಟುಕೊಂಡಿತ್ತು. ನಿನ್ನೆ ಟಾರು ಬಳಿದೆವು. ಬಳಿದಷ್ಟೂ ಭಾರ. ಕೆರೆಯಿಂದ ಮನೆಗೆ ಹೊತ್ತು ತರುವಾಗ ಕಿಬ್ಬೊಟ್ಟೆಯಲ್ಲಿ ಚುಳ್ ಅಂತು. ಗರ್ಭಕೋಶ ತೆಗೆಸಿ ಇನ್ನೂ ಎಂಟು ವಾರ. ಡಾಕ್ಟರಮ್ಮ ಇವರ ಎದುರಿಗೇ ಹೇಳಿದ್ದರು — ಭಾರ ಎತ್ತಿದರೆ ಒಳಗಿನದೆಲ್ಲ ಕೆಳಗೆ ಜಾರುತ್ತೆ, ಆಮೇಲೆ ನನ್ನ ಹತ್ತಿರ ಅಳಬೇಡ ಅಂತ. ಸಿದ್ದರಾಜು ತಲೆ ಆಡಿಸಿದ್ದ. (ಹೆಸರು ಬರೆಯಬಹುದು ಇಲ್ಲಿ. ಗಂಡನ ಹೆಸರು ಬರೆದರೆ ಯಾರು ಓದುತ್ತಾರೆ.)

ಈ ಮನೆಯ ರೂಢಿ ಬೇರೆ. ಗಂಡಸು ಬಲೆ ಬಿಡಬೇಕು, ಬಲೆ ಹೊರಬೇಕು. ಹೆಂಗಸು ಹುಟ್ಟು ಹಾಕಬೇಕು, ತೆಪ್ಪ ಹೊರಬೇಕು. ದಡದಲ್ಲಿ ಬಿಟ್ಟು ಬಂದರೆ ಹಂದಿಗಳು ಕೆರೆದು ಹಾಕುತ್ತವೆ. ನಲವತ್ತು ವರ್ಷ ಅತ್ತೆ ಹೊತ್ತರು. ಈಗ ನಾನು.

ಹೊಸ ತೆಪ್ಪ ತರೋಣ ಅಂದೆ. ಹಗೂರದ್ದು. ನನ್ನ ನಾಲ್ಕು ಕುರಿ ಮಾರೋಣ ಅಂದೆ. ಕುರಿ ಅಂದ ತಕ್ಷಣ ಒಪ್ಪಿದ.

ಮಾರ್ಚ್ 17, ಭಾನುವಾರ

ಮದ್ದೂರಿಗೆ ಹೋಗಿ ಬಂದೆವು. ಜೊತೆಗೆ ರಾಜೇಂದ್ರ — ನಮ್ಮ ಮೀನುಗಾರರ ಸಂಘದ ಅಧ್ಯಕ್ಷ. ಕೆರೆಗೆ ಇಳಿಯದೆ ನಾಲ್ಕು ವರ್ಷ ಆಯಿತು, ಕಾಲಲ್ಲಿ ಬಿಳೀ ಶೂ. ಫೋನಿನಲ್ಲಿ ದೋಣಿಗಳ ವಿಡಿಯೋ ನೋಡಿ ನೋಡಿ ಪಂಡಿತ ಆಗಿದ್ದಾನೆ. ಒಂದು ತೋಟದ ಮನೆಯವರು ಬೋಟು ಕೊಡ್ತಾರಂತೆ, ಸೆಕೆಂಡ್ ಹ್ಯಾಂಡು, ಹೊಸದರ ಹಾಗೇ ಇದೆಯಂತೆ.

ಹೋಗಿ ನೋಡಿದರೆ ಹಂಸ. ಪೆಡಲ್ ತುಳಿಯುವ ಹಂಸ. ಕೊಕ್ಕು ಮುರಿದಿದೆ. ಒಳಗೆ ಮಳೆನೀರು ನಿಂತು ಹುಳ ಆಡುತ್ತಿವೆ, ಸೀಟಿನ ಕೆಳಗೆ ಯಾರೋ ತಿಂದು ಬಿಸಾಕಿದ ಚಿಪ್ಸ್ ಪ್ಯಾಕೆಟ್ಟು. ಇಬ್ಬರು ಗಂಡಸರು ಅದರ ಸುತ್ತ ಮೂರು ಸುತ್ತು ಹಾಕಿದರು.

"ಕತ್ತಿಗೆ ಬಲೆ ಕಟ್ಬೋದು ಕಣ್ಲಾ ಸಿದ್ದ" ಅಂದ ರಾಜೇಂದ್ರ. ತಮಾಷೆಗಲ್ಲ. ನಿಜವಾಗಿ ಅಂದ.

"ನಮ್ ಕೆರೆ ತುಂಬ ಜಾಲಿ ಬೊಡ್ಡೆ. ಪೆಡ್ಲು ಮೊದಲ್ನೇ ಬೊಡ್ಡೆಗೇ ಸಿಕ್ಕಾಕತದೆ" ಅಂದೆ.

"ನೀನ್ ಸುಮ್ನಿರಮ್ಮಿ, ಯೋಸ್ನೆ ಮಾಡ್ತಾವ್ರೆ" ಅಂದ ನನ್ನ ಗಂಡ.

ಸದ್ಯ, ತೋಟದವನೇ ಮನಸ್ಸು ಬದಲಾಯಿಸಿದ. ಮಕ್ಕಳು ಕೇಳ್ತಾರೆ, ಇರಲಿ, ಆಗೋದಾದರೆ ಇದರ ಜೊತೆಗೆ ನಾನೇ ಇನ್ನೊಂದು ದೊಡ್ಡದು ತಗೋಬೇಕು, ಇದ್ದರೆ ಹೇಳಿ ಅಂದ. ನನ್ನ ನಂಬರ್ ಬರೆದುಕೊಂಡ. ರಾಜೇಂದ್ರನ ಫೋನಿನ ಚಾರ್ಜ್ ಮುಗಿದಿತ್ತು.

ಮಾರ್ಚ್ 24

ಕಿರುಗಾವಲಿನ ಹತ್ತಿರ ಕೆಂಪಸಿದ್ದಯ್ಯ ಅಂತ ಇದ್ದಾರೆ, ತೆಪ್ಪ ಹೆಣೆಯೋರು. ಅತ್ತೆ ಹೇಳಿದ್ದು. ಸಿದ್ದರಾಜು ಒಲ್ಲದ ಮನಸ್ಸಿನಿಂದ ಬಂದ, ಅಲ್ಲಿ ಜಗಲಿ ಮೇಲೆ ಕೂತು ಫೋನ್ ನೋಡಿದ.

ಮುದುಕ ಇವನನ್ನು ಮಾತೇ ಆಡಿಸಲಿಲ್ಲ. "ಉಟ್ಟಾಕೋರು ಯಾರು?" ಅಂದರು. ನಾನು ಅಂದೆ.

"ಬಾ ಇಲ್ಲಿ. ಮಂಡಿ ಊರ್ಕೊಂಡು ಕೂತ್ಕೊ ಕಣವ್ವ. ನೀರ್ ಎಳೆಯಂಗೆ ಕೈ ಚಾಚು."

ಅಂಗಳದಲ್ಲಿ ಮಂಡಿಯೂರಿದೆ. ಇದ್ದಿಲು ತಗೊಂಡು ನನ್ನ ಸುತ್ತ ನೆಲದ ಮೇಲೆ ಗುಂಡಗೆ ಗೆರೆ ಎಳೆದರು. ಆಮೇಲೆ ಒಂದು ಬಿದಿರ ದಬ್ಬೆಯನ್ನು ನನ್ನ ಪಕ್ಕ ನೆಟ್ಟಗೆ ಹಿಡಿದು ಮೊಣಕೈ ಹತ್ತಿರ ಗುರುತು ಹಾಕಿದರು. ಅಂಚು ಅದಕ್ಕಿಂತ ಮೇಲೆ ಬಂದರೆ ಹುಟ್ಟು ನೀರಿಗೆ ಸಿಗಲ್ಲವಂತೆ. ಆಪರೇಷನ್ ವಿಷಯ ಹೇಳಿದೆ. ಹಾಗಾದರೆ ದಬ್ಬೆ ಇನ್ನೂ ತೆಳುವಾಗಿ ಸೀಳ್ತೀನಿ, ಟಾರು ಒಂದೇ ಕೈ ಹೊಡೀತೀನಿ, ಒಂದು ಕೈಯಲ್ಲಿ ಎತ್ತಬಹುದು ಅಂದರು.

ರವಿಕೆಗೆ ಬಿಟ್ಟರೆ ನನ್ನ ಅಳತೆ ಯಾರೂ ತಗೊಂಡಿರಲಿಲ್ಲ. ಬಸ್ಸಿನಲ್ಲಿ ಕಣ್ಣು ಒದ್ದೆಯಾಯಿತು. ಸಿದ್ದರಾಜು ಧೂಳು ಅಂದುಕೊಂಡು ಕಿಟಕಿ ಮುಚ್ಚಿದ.

ಏಪ್ರಿಲ್ 22, ಸಂಜೆ

ಕೆರೆ ಪೂರಾ ಒಣಗಿದೆ. ನಡುಮಧ್ಯೆ ಹೋಗಿ ನಿಲ್ಲಬಹುದು. ಸತ್ತ ಮೀನಿನ ನಾತ ಹಲಗೂರು ಬಸ್‌ಸ್ಟಾಪಿನವರೆಗೂ ಬರುತ್ತೆ.

ಇಂಥ ಕಾಲದಲ್ಲಿ ದೋಣಿ ಕೊಂಡರು.

ಮಂಡ್ಯದ ಒಂದು ಅಂಗಡಿ. ಫೈಬರ್ ತೆಪ್ಪ, ನೀಲಿ ಬಣ್ಣ, ಎಂಟು ಜನ ಹಿಡಿಸುತ್ತೆ. ನಾವು ಇಬ್ಬರು. ಸಿಮೆಂಟ್ ನೆಲದ ಮೇಲೆ ಇಟ್ಟಿದ್ದರು. ರಾಜೇಂದ್ರ, ಸಿದ್ದರಾಜು ಹತ್ತಿ ಕೂತರು, ಅಲ್ಲಾಡಿಸಿ ನೋಡಿದರು. ಸಿಮೆಂಟ್ ನೆಲದ ಮೇಲೆ! ಅಲ್ಲಾಡಲಿಲ್ಲ, "ಬಲೇ ಗಟ್ಟಿ" ಅಂದರು. ಫೋಟೋ ತೆಗೆಸಿಕೊಂಡರು.

"ತೂಕ ಎಷ್ಟು?" ಅಂದೆ. ಅಂಗಡಿಯವನು ಸಿದ್ದರಾಜು ಕಡೆ ತಿರುಗಿ, "ನಾಲ್ಕು ಜನ ಆರಾಮಾಗಿ ಎತ್ತುತ್ತಾರೆ ಸರ್" ಅಂದ. ನಾನು ಒಳಗೆ ಇಳಿದು ಮಂಡಿಯೂರಿ ಕೂತೆ. ಅಂಚು ಕಂಕುಳಿಗೆ ಬಂತು. ತೋರಿಸಿದೆ.

"ಸೀಟ್ ಇದೆಯಲ್ಲ ಮೇಡಂ, ನೆಲದಲ್ಲಿ ಯಾಕೆ ಕೂತ್ಕೊತೀರಾ?"

ಮೂವರೂ ನಕ್ಕರು. ಅಂಗಡಿಯವನು ರಾಜೇಂದ್ರನಿಗೆ ಮಾತ್ರ ಬಾದಾಮಿ ಹಾಲು ತರಿಸಿದ. ಯಾಕೆ ಅಂತ ನನಗೆ ಗೊತ್ತಾಗಲ್ವಾ, ಕಮಿಷನ್ನು.

"ಮುದುಕಪ್ಪಂಗೆ ಮಾತು ಕೊಟ್ಟಿವಿ" ಅಂದೆ.

"ಬಿದಿರು ಎಷ್ಟ್ ದಿನ ಬತ್ತದೆ? ಇದು ಅತ್ತು ವರ್ಸ. ನಿಂಗೇ ಅನುಕೂಲ ಆಗ್ಲಿ ಅಂತ ಕಣಮ್ಮಿ" ಅಂದ ಸಿದ್ದರಾಜು.

ನನಗೆ ಅನುಕೂಲ. ನನ್ನ ನಾಲ್ಕು ಕುರಿ ಆ ನೀಲಿ ಬೋಗುಣಿಯೊಳಗೆ ಹೋದವು. ಆ ಮಾತು ಕೇಳಿ ಅಸಹ್ಯವಾಯಿತು, ದೋಣಿ ನೋಡಿ ಅಷ್ಟು ಆಗಿರಲಿಲ್ಲ.

ಮೇ 9

ಬೋಗುಣಿ ಅಂಗಳದಲ್ಲಿದೆ. ಕೋಳಿಗಳು ಒಳಗೆ ಮೊಟ್ಟೆ ಇಡುತ್ತಿವೆ. ಕೆಂಪಸಿದ್ದಯ್ಯ ಎರಡು ಸಲ ಫೋನ್ ಮಾಡಿದರು. ಎತ್ತಲಿಲ್ಲ. ಏನಂತ ಹೇಳಲಿ.

ಆಗಸ್ಟ್ 18, ಭಾನುವಾರ, ಮಧ್ಯಾಹ್ನ 1

ಮೂರು ತಿಂಗಳು ಬರೆದಿಲ್ಲ. ಬರೆಯೋಕೆ ಏನೂ ಇರಲಿಲ್ಲ. ಇವತ್ತು ಇದೆ.

ಕೆರೆ ತುಂಬಿದೆ. ಬೆಳಗ್ಗೆ ಗಂಗಮ್ಮನ ಪೂಜೆ. ನಾಲ್ಕು ಜನ ಬೋಗುಣಿ ಹೊತ್ತರು, ಒಬ್ಬನ ಕಾಲು ಜಜ್ಜಿತು. ಊರೆಲ್ಲ ಏರಿ ಮೇಲೆ. ಮೂರು ಕಲ್ಲಿಟ್ಟು, ಅರಿಶಿನ ಹಚ್ಚಿ, ಹೂ ಇಟ್ಟು, ಕಾಯಿ ಒಡೆದು ಎಲ್ಲ ಮಾಡಿದೆ. ರಾಜೇಂದ್ರ ರಿಬ್ಬನ್ ತಂದಿದ್ದ! ಕತ್ತರಿಸಿದ.

"ಅತ್ತು ಮೋಹಿನಿ" ಅಂತ ನನಗೆ ತೆಪ್ಪ ತೋರಿಸಿದ ಸಿದ್ದರಾಜು, ಬಲೆ ಹಿಡಿದುಕೊಂಡು.

ಹುಟ್ಟನ್ನು ಅವನ ಕೈಗೆ ಕೊಟ್ಟೆ. "ನೀವ್ ಆರ್ಸಿದ್ದು. ನೀವೇ ಉಟ್ಟಾಕಿ."

ಅಷ್ಟು ಜನರ ಮುಂದೆ ಏನು ಮಾಡ್ತಾನೆ. ಅವನೂ ರಾಜೇಂದ್ರನೂ ಹತ್ತಿದರು. ನನ್ನ ಗಂಡನಿಗೆ ನಲವತ್ತೈದು ವರ್ಷ, ಹುಟ್ಟಿದ್ದೇ ಕೆರೆ ಪಕ್ಕ. ಮೊದಲು ಅವ್ವ ಹಾಕಿದಳು, ಆಮೇಲೆ ಹೆಂಡತಿ. ಇವತ್ತಿನವರೆಗೂ ಹುಟ್ಟು ಮುಟ್ಟಿಲ್ಲ. ಮುಂದಿನಿಂದ ನೀರು ತನ್ನ ಕಡೆಗೆ ಎಳೆಯಬೇಕು ಅಂತಲೂ ಗೊತ್ತಿಲ್ಲ. ಪಕ್ಕದಲ್ಲಿ ಎಳೆದ. ತೆಪ್ಪ ಸುತ್ತಿತು. ಇನ್ನೂ ಜೋರಾಗಿ ಎಳೆದ. ಇನ್ನೂ ಜೋರಾಗಿ ಸುತ್ತಿತು. ಹನ್ನೊಂದು ಸುತ್ತು ಎಣಿಸಿದೆ. ರಾಜೇಂದ್ರ ಸೀಟು ಬಿಟ್ಟು ತಳಕ್ಕೆ ಕೂತು, ಅಂಚಿನ ಮೇಲೆ ಬಾಗಿ, ಬೆಳಗ್ಗೆ ತಿಂದ ಇಡ್ಲಿಯನ್ನೆಲ್ಲ ಕೆರೆಗೆ ಕೊಟ್ಟ. ಆಮೇಲೆ ಎರಡು ಜಾಲಿ ಬೊಡ್ಡೆಗಳ ನಡುವೆ ಸಿಕ್ಕಿಕೊಂಡು ತಾನಾಗಿ ನಿಂತಿತು. ಹಗ್ಗ ಎಸೆದು ಎಳೆದರು.

ಅತ್ತೆ ಏರಿ ಮೇಲೆ ಕುಕ್ಕರುಗಾಲಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತಿದ್ದರು. "ಅವರಪ್ಪನೂ ಇಂಗೇಯ. ಬಲೆ ಬುಡದೊಂದ್ ಬುಟ್ರೆ ಏನೂ ಬತ್ತಿರ್ನಿಲ್ಲ. ನಾನೇ ತಪ್ ಮಾಡ್ದೆ ಕಣವ್ವ, ಕಲಿಸ್ನಿಲ್ಲ" ಅಂದರು.

ಜನ ನಕ್ಕರು. ನಾನೂ ನಗಬೇಕಿತ್ತು. ಬರಲಿಲ್ಲ. ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು, ಮುಖ ಕೆಳಗೆ ಹಾಕಿ ಇವನು ನಡೆದು ಬರೋದನ್ನ ನೋಡಿ ಅಯ್ಯೋ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೇ ಹೇಸಿಗೆಯಾಯಿತು.

ಆಗಸ್ಟ್ 26

ಎಂಟು ದಿನ. ಅವನು ಮಾತಾಡಿಲ್ಲ, ಹೊರಗೆ ಹೋಗಿಲ್ಲ. ಗೋಡೆ ಕಡೆ ತಿರುಗಿ ಮಲಗುತ್ತಾನೆ. ಕೆರೆ ತುಂಬ ಮೀನು, ಮನೆಯಲ್ಲಿ ಬರೀ ಸೊಪ್ಪಿನ ಸಾರು.

ಮದ್ದೂರಿನ ತೋಟದವನಿಗೆ ಫೋನ್ ಮಾಡಿದೆ. ಎಂಟು ಜನ ಹಿಡಿಸುತ್ತೆ, ಹೊಸದು, ಸೀಟಿದೆ, ಮಂಡಿ ಊರಬೇಕಾಗಿಲ್ಲ ಅಂದೆ. ನಾಳೆಯೇ ಟೆಂಪೋ ಕಳಿಸ್ತಾನಂತೆ. ಹಂಸಕ್ಕೆ ಜೊತೆಯಾಯಿತು.

ಗಂಡನ್ನ ಕೇಳಲಿಲ್ಲ. ಕುರಿ ನನ್ನವು.

ಸೆಪ್ಟೆಂಬರ್ 1

ಕಿರುಗಾವಲಿಗೆ ಒಬ್ಬಳೇ ಹೋದೆ. ಬೈಗುಳ ತಿನ್ನೋಕೆ ಸಿದ್ಧವಾಗಿಯೇ. ಕೆಂಪಸಿದ್ದಯ್ಯ ಬೈಯಲಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋದರು. ತೆಪ್ಪ ಗೋಡೆಗೆ ಒರಗಿತ್ತು. ಮೇ ತಿಂಗಳಲ್ಲೇ ಮುಗಿದಿದೆ.

"ಇಬ್ರು ಕೇಳುದ್ರು, ಕೊಡ್ನಿಲ್ಲ. ನಿನ್ ಅಳ್ತೆದು. ಇನ್ಯಾರ್ ಕೈಗ್ ಆದಾತು?"

ಎತ್ತಿ ನೋಡಿದೆ. ಒಂದು ಕೈ. ಹೊಟ್ಟೆ ನೋಯಲಿಲ್ಲ. ಫೋನ್ ಎತ್ತದೆ ಇದ್ದದ್ದಕ್ಕೆ ತಪ್ಪಾಯ್ತು ಅಂದೆ, ಕೇಳಿಸದವರ ಹಾಗೆ ಬಿದಿರು ಸೀಳುತ್ತಿದ್ದರು.

ಸೆಪ್ಟೆಂಬರ್ 8, ಬೆಳಗ್ಗೆ 9

ಅತ್ತೆ ಬಲೆ ಬಿಡ್ತಾರೆ, ನಾನು ಹುಟ್ಟು. ಅರವತ್ತೆಂಟರ ಮುದುಕಿ. "ಇಷ್ಟ್ ಸಲೀಸಾ ಈ ಕೆಲ್ಸ? ಇದ್ಕಾ ಅಷ್ಟೊಂದ್ ಜಂಬ ಮಾಡ್ತಿದ್ದ ನನ್ ಮಗ?" ಅಂತಾರೆ. ಇವತ್ತು ಎರಡು ಕಾಟ್ಲಾ, ಒಂದು ಕುಚ್ಚು ಮೀನು.

ಕೈಯಲ್ಲಿ ಟಾರಿನ ನಾತ. ಇದ್ದದ್ದೇ.

ಸೆಪ್ಟೆಂಬರ್ 15, ಬೆಳಗ್ಗೆ 5.30

ಅತ್ತೆಗೆ ಮಂಡಿ ಊದಿದೆ, ಇವತ್ತು ಬರಲ್ಲ ಅಂದರು. ಟೀ ಕುಡಿಯುತ್ತ ಇದನ್ನು ಬರೆಯುತ್ತಿದ್ದೇನೆ. ಸಿದ್ದರಾಜು ಬಲೆ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ, ಆಗಲೇ ಹತ್ತು ನಿಮಿಷದಿಂದ. ಬರಲಾ ಅಂತಲೂ ಕೇಳುತ್ತಿಲ್ಲ.

"ತೆಪ್ಪ ಯಾರ್ ಒರ್ತಾರೆ?" ಅಂದೆ, ತಲೆ ಎತ್ತದೆ.

ಬಲೆ ಕೆಳಗಿಟ್ಟ. ತೆಪ್ಪ ಬೋರಲು ಮಾಡಿಕೊಂಡು ಕೆಳಗೆ ತಲೆ ತೂರಿಸಿದ. ಎದ್ದ. ಮುಂದಕ್ಕೆ ಪೂರಾ ಬಾಗಿಸಿಕೊಂಡಿದ್ದಾನೆ, ಹಾಗೆ ಹೊತ್ತರೆ ದಾರಿ ಕಾಣಿಸಲ್ಲ, ಹಿಂದಕ್ಕೆ ವಾಲಿಸಬೇಕು. ಮೆಟ್ಟಿಲು ಇದೆ ಅಲ್ಲಿ, ಹೇಳಲಿಲ್ಲ ಅಂದರೆ ಈಗ ಎಡವುತ್ತಾನೆ. ಪೆನ್ನು ಇಡ್ತೀನಿ.