ಲಾಯಿಲದ ಅಂಗಡಿಯ ಮೈನ್ ಸ್ವಿಚ್

ಅಸ್ಸಲಾಮು ಅಲೈಕುಂ ಬಾಪ,

ಫೋನಿನಲ್ಲಿ ಕೇಳಿದರೆ "ಎಂತ ಇಲ್ಲ ಮಗಳೇ" ಎಂದು ಇಟ್ಟುಬಿಡುತ್ತೀರಿ, ಅದಕ್ಕೇ ಪತ್ರ.

ನಮ್ಮ ಕಂಪೆನಿಯ ಇಂಟರ್ನೆಟ್ ಕೇಬಲ್ ಬಂಟ್ವಾಳದಿಂದ ಬೆಳ್ತಂಗಡಿ, ಮೂಡುಬಿದಿರೆ ಸುತ್ತಿ ಮತ್ತೆ ಬಂಟ್ವಾಳಕ್ಕೇ ಬರುತ್ತದೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಹೋಗುತ್ತದೆ. ಹಾಗಾಗಿ ಮೂರು ವಾರ ಯಾರೂ ದೂರು ಕೊಡಲಿಲ್ಲ. ಲೈನ್ ಮೇಲೆ ಕಣ್ಣಿಡುವ ಆಫೀಸಿನ ನನ್ನ ಕಂಪ್ಯೂಟರ್ ಮಾತ್ರ ಲೈನ್ ಹೋಯಿತು, ಬಂತು ಎನ್ನುತ್ತಿತ್ತು. ಕಂಬ ಕಂಬ ಹುಡುಕಿಸಿದೆ. ಕೇಬಲ್ ಸರಿಯಾಗಿಯೇ ಉಂಟು.

ಆರುತ್ತಿರುವುದು ಲಾಯಿಲದ ನಿಮ್ಮ ಅಂಗಡಿಯಲ್ಲಿಟ್ಟ, ಅಂಗಡಿಯ ಕರೆಂಟಿನಲ್ಲೇ ನಡೆಯುವ ನಮ್ಮ ಕೇಬಲ್ ಪೆಟ್ಟಿಗೆ. ರಾತ್ರಿ ಅದಕ್ಕೆಂದೇ ನೆನಪಿಟ್ಟು ಮೈನ್ ಸ್ವಿಚ್ ಆರಿಸದೆ ಹೋಗುತ್ತೀರಿ. ಹಗಲು ಅವಸರದಲ್ಲಿ ಬಾಗಿಲು ಹಾಕುವಾಗ ಹಳೆಯ ಅಭ್ಯಾಸದಿಂದ ಕೈ ಅಲ್ಲಿಗೆ ಹೋಗುತ್ತದೇನೋ. ಆದರೆ ಹಗಲು ಬಾಗಿಲು ಹಾಕುವುದು ಯಾಕೆ? ಜುಮಾ ನಮಾಜಿಗೆಂದರೆ ಶುಕ್ರವಾರ; ಪೆಟ್ಟಿಗೆ ಆರುವುದು ಮಂಗಳವಾರ, ಶನಿವಾರ, ಒಂಬತ್ತರಿಂದ ಮೂರರವರೆಗೆ. ಉಮ್ಮ ನೀವು ಅಂಗಡಿಯಲ್ಲೇ ಇರುತ್ತೀರಿ ಎಂದರು. ಎದುರಿನ ಹೋಟೆಲಿನ ಚಂದ್ರರಾಜಣ್ಣ, "ಮಂಗಳೂರು ಬಸ್ಸು ಹತ್ತಿದ್ರು, ಕೈಯಲ್ಲಿ ಎಕ್ಸ್‌ರೇ ಕವರ್ ಇತ್ತು" ಎಂದರು.

ಸ್ವಿಚ್ ಆರಿಸಬೇಡಿ ಎಂದು ಬರೆಯಲು ಕೂತೆ. ಆರಿಸದಿದ್ದರೆ ಲೈನ್ ಸರಿಯಾಗುತ್ತದೆ, ಆದರೆ ನೀವು ಮಂಗಳೂರಿಗೆ ಹೋದದ್ದು, ಬಂದದ್ದು ನನಗೆ ತಿಳಿಯುವುದಿಲ್ಲ.

ಸದ್ಯಕ್ಕೆ ಆರಿಸಿಯೇ ಹೋಗಿ. ಬಂದ ಕೂಡಲೇ ಮರೆಯದೆ ಹಾಕಿ. ನಾನು ನೋಡುತ್ತಿರುತ್ತೇನೆ.

ನಿಮ್ಮ ಮಗಳು
ಜಸೀಲಾ, ಬಂಟ್ವಾಳ