ಕೆಟ್ಟುಹೋದ ನಲವತ್ತು ಡಬ್ಬಿ ಮಣ್ಣು

ಆಗಸ್ಟ್ 18, ಸೋಮವಾರ. ವಿನೋಬನಗರ

ಸಿಟ್ಟು ಇನ್ನೂ ಇಳಿದಿಲ್ಲ. ಶುಕ್ರವಾರ ಧ್ವಜಾರೋಹಣದ ಮೈಕಿಗೆಂದು ನಮ್ಮ ಲ್ಯಾಬಿನ ಡೀಪ್ ಫ್ರೀಜರ್ ಪ್ಲಗ್ ಕಿತ್ತವರು ಮತ್ತೆ ಹಾಕಲೇ ಇಲ್ಲ. ಇವತ್ತು ಬಾಗಿಲು ತೆಗೆದರೆ ಕೊಳೆತ ವಾಸನೆ. ಜೂನ್‌ನಲ್ಲಿ ಭಾನುವಳ್ಳಿ ಕಾಲುವೆಯಿಂದ ತಂದ ನಲವತ್ತು ಡಬ್ಬಿ ಮಣ್ಣೂ ಕರಗಿ ಕೆಸರಾಗಿತ್ತು.

ನನ್ನ ಪಿಎಚ್‌ಡಿ ಗೈಡ್ ರವಿಚಂದ್ರ ಸರ್ ಇಣುಕಿ ನೋಡಿ, "ಮಣ್ಣು ಎಲ್ಲಿ ಹೋಗೇತಮ್ಮ, ಅಲ್ಲೇ ಐತಲ್ಲ. ಮತ್ತೆ ಫ್ರೀಜ್ ಮಾಡಿ ಟೆಸ್ಟ್ ಮಾಡು" ಅಂದರು.

ಬ್ಯಾಕ್ಟೀರಿಯಾ ಸತ್ತ ಕೆಲವೇ ದಿನಗಳಲ್ಲಿ ಅದರ ಪೊರೆಯ ಕೊಬ್ಬು ಒಡೆಯುತ್ತದೆ, ಆದ್ದರಿಂದ ಆ ಕೊಬ್ಬು ಸಿಕ್ಕರೆ ಮಣ್ಣಿನಲ್ಲಿ ಆಗ ಏನು ಬದುಕಿತ್ತೆಂದು ತಿಳಿಯುತ್ತದೆ ಎಂದು ನನಗೆ ಕಲಿಸಿದ್ದೇ ಇವರು. ಮೂರು ದಿನ ಬೆಚ್ಚಗೆ ಕೂತ ಮಣ್ಣು ಇನ್ನು ಕಾಲುವೆಯ ಬಗ್ಗೆ ಏನು ಹೇಳೀತು?

"ಆಗಲ್ರಿ ಸರ್. ಸುಳ್ಳು ಡೇಟಾ ಆಗ್ತೈತ್ರಿ."

"ಯಾರಿಗೆ ಗೊತ್ತಾಗತೈತೆ ಭವ್ಯಾ?"

"ನನಗೆ ಗೊತ್ತೈತಲ್ರಿ."

ಅವರೆದುರೇ ನಲವತ್ತೂ ಡಬ್ಬಿಗಳ ಮೇಲೆ 'ಕೆಟ್ಟಿದೆ' ಎಂದು ಬರೆದೆ. ರಿಜಿಸ್ಟರ್‌ನಲ್ಲೂ ಕಾರಣ ಬರೆದು ಸಹಿ ಹಾಕಿದೆ. ಅವರು ಹೊರಟುಹೋದರು.

ಕಾಲುವೆಗೆ ಈಗ ನೀರು ಬಿಟ್ಟಿದ್ದಾರೆ. ಒಣಗಿದ ತಳ ಮತ್ತೆ ಸಿಗುವುದು ಬರುವ ಬೇಸಿಗೆಗೆ. ಕಾಲುವೆಯಂಚಿನ ಹೊಲದ ಯಲ್ಲಕ್ಕ ಬಿಸಿಲಲ್ಲಿ ಎರಡು ದಿನ ನನ್ನ ಜೊತೆ ಅಗೆದಿದ್ದಳು. ಕಾಲುವೆಗೆ ಚರಂಡಿ ನೀರು ಸೇರಿ ತನ್ನ ಹೊಲದ ಮಣ್ಣೂ ಕೆಟ್ಟಿದೆಯೇ ಎಂದು ತಿಳಿಯಬೇಕಿತ್ತು ಅವಳಿಗೆ. ಸಂಜೆ ಫೋನ್ ಮಾಡಿ ಹೇಳಿ, ಕ್ಷಮೆ ಕೇಳಿದೆ.

"ಹೋಗ್ಲಿ ಬಿಡವ್ವ, ಮತ್ತೆ ಅಗಿಯಾಣ" ಅಂದಳು.

ಅವಳಾದರೂ ಬೈಯಬೇಕಿತ್ತು. ಕ್ಷಮೆ ಕೇಳಬೇಕಾದವರು ಯಾರೂ ಕೇಳಲಿಲ್ಲ, ಕೇಳಿದವಳು ನಾನೊಬ್ಬಳೇ, ಅದೂ ಬೈಯಲೂ ಒಲ್ಲದ ಯಲ್ಲಕ್ಕನ ಹತ್ತಿರ.