ಬಿಸಿಲು ಕಾಣದ ಎಲೆ

ಸಡಾ, ವಾಸ್ಕೋ
೨೦ ಆಗಸ್ಟ್ ೨೦೨೩

ಭೀಮಶಿಯವರಿಗೆ, ಸಿಟ್ಟು ಇನ್ನೂ ಇಳಿದಿರದಿದ್ದರೆ ಅದಕ್ಕೂ ಸೇರಿಸಿ, ನಮಸ್ಕಾರ.

ನಿಮ್ಮ ಕಾಗದ ಮುಟ್ಟಿತು. ಫೋನಿನಲ್ಲಿ ನಮ್ಮಿಬ್ಬರ ಮಾತು ಎರಡನೇ ವಾಕ್ಯಕ್ಕೇ ಜಗಳವಾಗುತ್ತದೆ, ನೀವು ಬರೆದದ್ದೇ ಚಲೋ ಆಯಿತು. ದೀಪಾವಳಿಯೊಳಗೆ ಗೋವಾ ಬಿಟ್ಟು ಧಾರವಾಡಕ್ಕೆ ಬಂದುಬಿಡು, ಇಲ್ಲವಾದರೆ ಬೇರೆಯಾಗೋಣ ಎಂದು ಸ್ಪಷ್ಟವಾಗಿ ಹೇಳಿಬಿಡು ಎಂದು ಬರೆದಿದ್ದೀರಿ. ಗಂಡನಾಗಿ ಕೇಳಿದಿರೋ, ವಿಭಾಗದ ಮುಖ್ಯಸ್ಥರಾಗಿ ಕೇಳಿದಿರೋ ತಿಳಿಯಲಿಲ್ಲ. ಅಕ್ಷರ ಮಾತ್ರ ಪ್ರಶ್ನೆಪತ್ರಿಕೆಯ ಹಾಗೆ ದುಂಡಗಿತ್ತು. ಉತ್ತರ ಕೊಡುತ್ತೇನೆ. ಆದರೆ ಮೊದಲು ನಾನು ಕಂಡದ್ದನ್ನು ಹೇಳಬೇಕು. ಅದನ್ನು ಹೇಳಿಕೊಳ್ಳಲು ನನಗೆ ನಿಮ್ಮನ್ನು ಬಿಟ್ಟು ಬೇರೆ ಯಾರೂ ಇಲ್ಲ.

ನಾನು ಹೊರಟ ದಿನ ನೀವು ಬಾಗಿಲಲ್ಲಿ ನಿಂತು, ಇಷ್ಟ ವರ್ಷ ಮೆಣಸಿನಕಾಯಿ ಎಲಿ ನೋಡಿದಾಕಿ ಈಗ ಎಲಿ ಬಿಟ್ಟು ಸೊಳ್ಳಿ ಬೆನ್ನ ಹತ್ತಿ ಹೊಂಟಿ ನೋಡು, ಅಂದಿರಿ. ಆ ಮಾತು ಮುಳ್ಳಿನ ಹಾಗೆ ನಟ್ಟಿತು, ಇವತ್ತಿಗೂ ಕೀಳಲಾಗಿಲ್ಲ. ಎಲೆ ಮುಟುರು ರೋಗದ ವೈರಸ್ಸಿನ ಹಿಂದೆ ಇಬ್ಬರೂ ಕೂಡಿಯೇ ಬಿದ್ದವರು, ಎಲೆ ಅರೆದು ಡಿಎನ್‌ಎ ತೆಗೆಯುತ್ತ ತೆಗೆಯುತ್ತಲೇ ಮದುವೆಯಾದವರು. ಅದೆಲ್ಲ ನನಗೆ ಮರೆತಿಲ್ಲ. ಆದರೆ ನಾನು ಸಡಾದ ಗುಡ್ಡದ ಮೇಲೆ ಬೆಳೆದ ಮಗಳು. ಅಪ್ಪ ಹೊಳೆಪ್ಪ ಬಂದರಿನಲ್ಲಿ ಅದಿರು ಹೊರುತ್ತಿದ್ದಾಗ ಮಳೆಗಾಲ ಬಂತೆಂದರೆ ಮಲೇರಿಯಾವೂ ಬರುತ್ತಿತ್ತು. ಮಂಚ ಗಡಗಡ ಅಲುಗಾಡುವಷ್ಟು ನಡುಗುತ್ತಿದ್ದ. ಅವ್ವ ಮನೆಯಲ್ಲಿದ್ದ ಕೌದಿಯನ್ನೆಲ್ಲ ಹೊದಿಸಿ, ಸಾಲದೆಂದು ಮೇಲೆ ತಾನೂ ಕೂಡುತ್ತಿದ್ದಳು. ಈಗ ಗೋವಾದಲ್ಲಿ ಈ ಜ್ವರ ಬಹಳ ಕಡಿಮೆಯಾಗಿದೆ. ಉಳಿದಷ್ಟನ್ನೂ ಅರಿಯೋಣ ಬಾ ಎಂದು ಇಲ್ಲಿನ ಪ್ರಯೋಗಾಲಯದವರು ಕರೆದಾಗ ನನಗೆ ಇಲ್ಲ ಎನ್ನಲಾಗಲಿಲ್ಲ.

ಹೋದ ತಿಂಗಳು ಸಡಾದಲ್ಲೇ ಒಬ್ಬ ಹೆಣ್ಣುಮಗಳಿಗೆ ಇದೇ ಜ್ವರ ಬಂತು. ನಮ್ಮ ಕಡೆಯವಳೇ, ಒಬ್ಬಳೇ ಇರುವವಳು. ನನ್ನ ನೆರೆಯ ದುರ್ಗಾಬಾಯಿ ಆರೈಕೆ ಮಾಡಿದಳು. ದುರ್ಗಾಬಾಯಿ ಬೋಗ್ಮಾಳೋ ದಂಡೆಯಲ್ಲಿ ಮಣಿಸರ, ಕನ್ನಡಿ ಚೀಲ ಮಾರುವ ಲಂಬಾಣಿ ಹೆಂಗಸು. ಬಾಯಿ ಜೋರು, ಕೈ ಮಾತ್ರ ಮೆತ್ತಗೆ. ಮನ್ಯಾವ್ರಿಗೆ ಒಂದ್ ಫೋನರ ಹಚ್ಚ್ರೀ ಅಂತ ಆಕೆ ಎಷ್ಟು ಹೇಳಿದರೂ ಜ್ವರದವಳು ಕೇಳಲಿಲ್ಲ. ಜ್ವರಾ ಬಂದೈತಿ, ಹೊಕ್ಕೈತಿ, ಅದಕ್ಕ್ಯಾಕ ಡಂಗುರ ಅಂದಳಂತೆ. ಬಲು ಹಟಮಾರಿ. ಗುಳಿಗೆ ಶುರುವಾಗುವ ಮೊದಲು ತೆಗೆದ ರಕ್ತದಲ್ಲಿ ಒಂದು ಹನಿ ನಮಗೆ ಬೇಕಿತ್ತು. ಒಪ್ಪಿಗೆ ಕೇಳಿದ್ದಕ್ಕೆ ನಕ್ಕು ಕೊಟ್ಟಳು.

ಮಲೇರಿಯಾದ ಜೀವಿಯೊಳಗೆ ಎಲೆಯ ತುಣುಕೊಂದು ಇದೆ ಎಂಬುದು ನಾನು ಕಂಡುಹಿಡಿದದ್ದಲ್ಲ. ಲೋಕಕ್ಕೆ ಗೊತ್ತಾಗಿ ಬಹಳ ವರ್ಷವಾಯಿತು, ನೀವೇ ತರಗತಿಯಲ್ಲಿ ಪಾಠ ಮಾಡುತ್ತೀರಿ. ಆದರೂ ಹೇಳುತ್ತೇನೆ, ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ಎಣಿಕೆಗೆ ಸಿಗದಷ್ಟು ಹಿಂದೆ ಇದರ ಪೂರ್ವಜ ನೀರಿನಲ್ಲಿದ್ದಾಗ ಒಂದು ಪಾಚಿಯನ್ನು ನುಂಗಿತು. ನುಂಗಿದ್ದು ಅರಗಲಿಲ್ಲ. ಎಲೆಯಲ್ಲಿ ಬಿಸಿಲನ್ನು ಅನ್ನ ಮಾಡುವ ಕ್ಲೋರೋಪ್ಲಾಸ್ಟ್ ಇದೆಯಲ್ಲ, ಅದರ ದಾಯಾದಿಯೊಂದು ಆವತ್ತಿನಿಂದ ಇದರ ಒಡಲಲ್ಲೇ ಉಳಿದುಬಿಟ್ಟಿತು.

ಆ ತುಣುಕಿನ ಜೀನಿಗೆ ಮಾತ್ರ ಅಂಟುವ ಹೊಳೆಯುವ ಬಣ್ಣ ಹಾಕಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಮೊದಲು ಬರೀ ಕತ್ತಲೆ. ಆಮೇಲೆ ಒಂದು ಹಸಿರು ಚುಕ್ಕೆ. ಪಕ್ಕದಲ್ಲಿದ್ದ ಬಲಿತ ಜೀವಿಯಲ್ಲಿ ಆ ಚುಕ್ಕೆ ಉದ್ದಕ್ಕೆ ಚಾಚಿ ಕವಲೊಡೆದಿತ್ತು, ಹುಟ್ಟಲಿರುವ ಮರಿಗೊಂದೊಂದು ಟೊಂಗೆ. ಮನುಷ್ಯರ ರಕ್ತದೊಳಗೆ, ಭೀಮಶಿಯವರೇ, ಒಂದು ಗಿಡ. ನಾನು ಕುರ್ಚಿಯಿಂದ ಎದ್ದು ನಿಂತೆ. ಮನೆಗೆ ಹಿರಿಯರು ಬಂದಾಗ ಏಳುತ್ತೇವಲ್ಲ, ಹಾಗೆ. ಹಸಿರು ನಾವು ಹಾಕಿದ ಬಣ್ಣದ್ದು ಎಂದು ಗೊತ್ತಿದ್ದೂ ಕಣ್ಣು ತುಂಬಿ ಬಂತು. ಅದರ ಸ್ವಂತ ಹಸಿರು ಕಳೆದು ಯಾವ ಕಾಲವಾಯಿತೋ. ಪತ್ರಹರಿತ್ತಿಲ್ಲ, ಬಿಸಿಲಿಲ್ಲ, ಸುತ್ತ ಪರರ ರಕ್ತ. ಆದರೂ ಆ ಚೂರೊಂದು ಕೆಟ್ಟರೆ ಜೀವಿಯ ವಂಶ ಅಲ್ಲಿಗೇ ನಿಲ್ಲುತ್ತದೆ. ಇಷ್ಟು ವರ್ಷ ಓದಿದ್ದೆಲ್ಲ ಓದಿದ್ದು, ಕಂಡದ್ದು ಆವತ್ತೇ.

ದುರ್ಗಾಬಾಯಿಗೆ ಇದನ್ನೆಲ್ಲ ಹೇಳಿದೆ. ಆಕೆ ಮಣಿ ಪೋಣಿಸುತ್ತ, ಬಿಸಲ ಇಲ್ದ ಎಲಿ ಹೆಂಗ ಬದುಕ್ತೈತ್ರೀ ಅಕ್ಕಾರ ಅಂತ ಕೇಳಿದಳು. ನಾನು ಏನೇನೋ ರಸಾಯನಶಾಸ್ತ್ರ ಹೇಳಿದೆ. ಹೇಳುವಾಗ ಅಪ್ಪ ಊರಿನಿಂದ ತಂದಿದ್ದ ಎತ್ತಿನ ಕೊರಳಗಂಟೆ ನೆನಪಾಯಿತು. ಸಡಾದಲ್ಲಿ ಎತ್ತೆಲ್ಲಿ, ಹೊಲವೆಲ್ಲಿ. ಆದರೂ ಅವ್ವ ಅದನ್ನೊಮ್ಮೆ ಗುಜರಿಗೆ ಹಾಕಹೋದಾಗ ಅಪ್ಪ ಊಟ ಬಿಟ್ಟು ಕೂತಿದ್ದ. ಗಂಟೆ ಈಗಲೂ ನನ್ನ ಮನೆಯ ಮೊಳೆಗೆ ತೂಗುತ್ತಿದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾನು ಧಾರವಾಡಕ್ಕೆ ಬರುವುದಿಲ್ಲ. ಬೇರೆಯಾಗೋಣ ಎಂದು ಬರೆಯಲೂ ಕೈ ಏಳುವುದಿಲ್ಲ. ನೀವೇ ಬನ್ನಿ. ಕ್ಲೋರೋಪ್ಲಾಸ್ಟ್ ಒಂದು ಎರಡಾಗುವಾಗ ಎಲ್ಲಿ ಬಿಗಿದು, ಹೇಗೆ ತುಂಡಾಗುತ್ತದೆ ಎಂಬುದನ್ನು ನೋಡುವುದರಲ್ಲಿ ನಿಮ್ಮ ಅರ್ಧ ಆಯುಷ್ಯ ಹೋಗಿದೆ. ಈ ಟೊಂಗೆಗಳು ಮುರಿದು ಮರಿಗಳಿಗೆ ಹಂಚಿಹೋಗುವುದನ್ನು ಅರಿಯಲು ನನಗೆ ನಿಮ್ಮ ಕಣ್ಣು ಬೇಕು. ಆ ಹಂಚಿಕೆಯನ್ನೇ ತಡೆಯುವ ಮದ್ದು ಸಿಕ್ಕರೆ ನಮ್ಮ ಮೈಗೆ ಆ ಮದ್ದಿನ ಕಾಟ ಕಡಿಮೆ, ನಮ್ಮೊಳಗೆ ಎಲೆಯೇ ಇಲ್ಲವಲ್ಲ. ಎಲಿ ಬಿಟ್ಟು ಹೊಂಟಿ ಅಂದಿರಿ, ಬಂದು ನೋಡಿ, ಬಿಟ್ಟಿದ್ದೇನೋ ಇಲ್ಲವೋ ನೀವೇ ಹೇಳಿ. ಜಗಳವೇನಿದ್ದರೂ ನೋಡಿದ ಮೇಲೆ ಆಡೋಣ. ರೈಲು ಯಾವುದೆಂದು ತಿಳಿಸಿ, ವಾಸ್ಕೋ ಸ್ಟೇಷನ್ನಿಗೆ ನಾನೇ ಬರುತ್ತೇನೆ.

ಇನ್ನೂ ನಿಮ್ಮವಳೇ ಆದ,
ಜಯಶ್ರೀ

ತಾ.ಕ.: ಆ ಹಟಮಾರಿ ಹೆಣ್ಣುಮಗಳು ನಾನೇ. ಗಾಬರಿಯಾಗಬೇಡಿ, ಗುಳಿಗೆಗಳೆಲ್ಲ ಮುಗಿದಿವೆ, ಊಟ ಸೇರುತ್ತಿದೆ. ಈ ಜಾತಿಯ ಮಲೇರಿಯಾ ಪಿತ್ತಜನಕಾಂಗದಲ್ಲಿ ಅಡಗಿ ಕೂತು, ಮುಗಿಯಿತು ಅನ್ನುವಾಗ ಮತ್ತೆ ಏಳುತ್ತದೆ, ಥೇಟ್ ನಿಮ್ಮ ಸಿಟ್ಟಿನ ಹಾಗೆ. ಅದಕ್ಕೇ ಒಂದು ಗುಳಿಗೆಯನ್ನೂ ತಪ್ಪಿಸಲಿಲ್ಲ. ಜ್ವರ ಎಂದು ಕೇಳಿದ್ದರೆ ನೀವು ಸಿಕ್ಕ ಬಸ್ಸು ಹತ್ತಿ ಓಡಿ ಬರುವವರು, ಅದು ನನಗೆ ಗೊತ್ತು. ಹಾಗೆ ಬಂದಿದ್ದರೆ ನನ್ನ ಕೆಲಸಕ್ಕೆ ಬೆಲೆ ಕೊಟ್ಟು ಬಂದಿರೋ, ಕನಿಕರಕ್ಕೆ ಬಂದಿರೋ ಜನ್ಮದಲ್ಲಿ ತಿಳಿಯುತ್ತಿರಲಿಲ್ಲ. ಎಲೆಗಾಗಿ ಬರಲಿ ಎಂದು ಮುಚ್ಚಿಟ್ಟೆ. ಕಾಗದ ಮುಗಿಯುವ ತನಕವೂ ಮುಚ್ಚಿಡಲು ಆಗಲಿಲ್ಲ, ನೋಡಿ. ಜ್ವರ ನೆತ್ತಿಗೇರಿದಾಗ ನಿಮ್ಮ ಹೆಸರು ಹಿಡಿದು ಏನೋ ಬಡಬಡಿಸಿದೆನಂತೆ. ಏನಂದೆ ಎಂದು ಎಷ್ಟು ಕೇಳಿದರೂ ದುರ್ಗಾಬಾಯಿ ನನಗೆ ಹೇಳಲೊಲ್ಲಳು. ಸಾಹೇಬ್ರು ಬರ್ಲಿ, ಅವ್ರ ಮುಂದ ಹೇಳ್ತೇನಿ ಅಂತಾಳೆ.